ತೊಟ್ಟಿ ಮನೆಯ ಅಳತೆ ನಕ್ಷೆ ಮತ್ತು ತೋಟದ ಒಡೆತನದ ಇತಿಹಾಸ: ಎರಡನ್ನೂ ಒಟ್ಟಿಗೆ ಸಿದ್ಧಪಡಿಸುವ ಸಮಗ್ರ ಮಾರ್ಗದರ್ಶಿ

ಹಳೆಯ ಮನೆ ರಿಪೇರಿ ಆಗಬೇಕು, ಹೋಂಸ್ಟೇ ಮಾಡಬೇಕು, ಪಾಲಾಗಬೇಕು ಅಥವಾ ಮಾರಬೇಕು. ಕಾರಣ ಯಾವುದಾದರೂ ಸಾಮಾನ್ಯವಾಗಿ ಎರಡು ಕಡತ ತಯಾರಾಗುತ್ತವೆ. ಆರ್ಕಿಟೆಕ್ಟ್ ಮನೆ ಅಳೆದು ನಕ್ಷೆ ಕೊಡುತ್ತಾರೆ. ವಕೀಲರು ಕಾಗದಪತ್ರ ನೋಡಿ ಅಭಿಪ್ರಾಯ ಕೊಡುತ್ತಾರೆ. ಒಬ್ಬರ ಕಡತವನ್ನು ಇನ್ನೊಬ್ಬರು ತೆರೆಯುವುದೇ ಇಲ್ಲ. ಮಲೆನಾಡು ಮತ್ತು ಹಳೆ ಮೈಸೂರಿನ ಮನೆಗಳ ಮಟ್ಟಿಗೆ ಇದು ದೊಡ್ಡ ನಷ್ಟ. ಇಲ್ಲಿನ ವಿಭಾಗ ಪತ್ರಗಳು ಮನೆಯನ್ನು ಅಂಕಣದ (ಎರಡು ತೊಲೆ ಸಾಲುಗಳ ನಡುವಿನ ಜಾಗದ) ಲೆಕ್ಕದಲ್ಲೇ ಹಂಚಿವೆ. ನಕ್ಷೆಯಲ್ಲಿ ಅಂಕಣಗಳಿಗೆ ನಂಬರು ಇಲ್ಲದಿದ್ದರೆ ಪತ್ರ ಯಾವ ಕೋಣೆಯ ಮಾತಾಡುತ್ತಿದೆ ಎಂದು ತಿಳಿಯುವುದಿಲ್ಲ. ಪತ್ರ ಓದದಿದ್ದರೆ ಜಗುಲಿಯ ನಡುವೆ ಆ ಅಡ್ಡಗೋಡೆ ಯಾಕಿದೆ ಎಂಬುದು ನಕ್ಷೆ ಬರೆದವರಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ಇಲ್ಲಿ ಎರಡೂ ಕೆಲಸವನ್ನು ಒಂದೇ ಸಾಲಿನಲ್ಲಿ ಇಟ್ಟಿದೆ. ಮುಖ್ಯವಾಗಿ ಹಳೆ ಮೈಸೂರು ಪ್ರಾಂತ್ಯದ ಮಲೆನಾಡಿನ ಅಡಿಕೆ ಅಥವಾ ಕಾಫಿ ತೋಟದ ಮನೆಯನ್ನು ಗಮನದಲ್ಲಿಟ್ಟುಕೊಂಡಿದೆ. ಕರಾವಳಿ, ಕೊಡಗು, ಉತ್ತರ ಕರ್ನಾಟಕದಲ್ಲಿ ಎಲ್ಲಿ ಬೇರೆಯಾಗುತ್ತದೋ ಅಲ್ಲಲ್ಲೇ ಹೇಳಿದೆ.

ಮೊದಲು ಅರ್ಜಿ, ಆಮೇಲೆ ಟೇಪು

ಅಳತೆ ಕೆಲಸ ನಿಮ್ಮ ಕೈಯಲ್ಲಿದೆ, ದಾಖಲೆ ಕೊಠಡಿಯ ಕೆಲಸ ನಿಮ್ಮ ಕೈಯಲ್ಲಿಲ್ಲ. ಅದಕ್ಕೇ ಅರ್ಜಿಗಳನ್ನು ಮೊದಲು ಹಾಕಿ.

ತೋಟಕ್ಕೆ ಸೇರಿದ ಪ್ರತಿ ಸರ್ವೆ ನಂಬರಿಗೂ ಚಾಲ್ತಿ ಪಹಣಿ ತೆಗೆಸಿ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ಕೈಬರಹದ ಹಳೆಯ ಪಹಣಿಗಳು, ಮ್ಯುಟೇಶನ್ ರಿಜಿಸ್ಟರಿನ (ಎಂ.ಆರ್., ಖಾತೆ ಬದಲಾವಣೆಯ ಪುಸ್ತಕದ) ನಕಲು, ಐ.ಎಲ್. (ಜಮೀನುಗಳ ಸೂಚಿ) ಮತ್ತು ಆರ್.ಆರ್. (ಹಕ್ಕು ದಾಖಲೆ) ಪುಸ್ತಕಗಳ ನಕಲು ಕೇಳಿ. ಸರ್ವೆ ಇಲಾಖೆಯಿಂದ ಗ್ರಾಮ ನಕಾಶೆ, ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣದ ಪಟ್ಟಿ), ಮೂಲ ಟಿಪ್ಪಣಿ (ಸರ್ವೆಯವರ ಅಳತೆ ಬರಹ), ಹಿಸ್ಸಾ ಟಿಪ್ಪಣಿ (ನಂಬರು ಒಡೆದ ಮೇಲಿನ ಭಾಗಗಳದ್ದು), ಪೋಡಿ (ಒಂದು ನಂಬರನ್ನು ಅಳೆದು ಬೇರ್ಪಡಿಸುವುದು) ಆಗಿದ್ದರೆ ಅದರ ನಕ್ಷೆ ಬೇಕು. ಉಪನೋಂದಣಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಇ.ಸಿ. ಬೇಕು.

ಮನೆ ಗ್ರಾಮಠಾಣದೊಳಗೆ (ಊರಿನ ವಾಸದ ಜಾಗದೊಳಗೆ) ಇದ್ದರೆ ಅದಕ್ಕೆ ಪಹಣಿ ಸಿಗುವುದಿಲ್ಲ. ಪಂಚಾಯಿತಿಯ ಡಿಮಾಂಡ್ ರಿಜಿಸ್ಟರ್ ಮತ್ತು ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಕಂಪ್ಯೂಟರ್ ದಾಖಲೆಯ) ನಮೂನೆ 9 ಹಾಗೂ 11 ನೋಡಬೇಕು. ಮನೆ ಒಂದು ಬಗೆಯ ದಾಖಲೆಯಲ್ಲಿ, ತೋಟ ಇನ್ನೊಂದರಲ್ಲಿ ಇರುವುದು ತೀರಾ ಸಾಮಾನ್ಯ. ಜನ ತೋಟದ ಪಹಣಿ ಹಿಡಿದುಕೊಂಡು ಮನೆಗೂ ದಾಖಲೆ ಇದೆ ಎಂದುಕೊಂಡಿರುತ್ತಾರೆ. ಅಂಗಳದ ಅರ್ಧ ಗ್ರಾಮಠಾಣ, ಉಳಿದರ್ಧ ಸರ್ವೆ ನಂಬರು ಆಗಿರುವ ಮನೆಗಳೂ ಇವೆ. ಗ್ರಾಮ ನಕಾಶೆಯ ಮೇಲೆ ಮನೆಯನ್ನು ಗುರುತಿಸಿದ ಮೇಲಷ್ಟೇ ಇದು ಗೊತ್ತಾಗುವುದು. ಸ್ಥಳದಲ್ಲೇ ನಿಂತು ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂದು ಅಂದಾಜು ಮಾಡಲು ಸರ್ಕಾರದ ದಿಶಾಂಕ್ ಆ್ಯಪ್ ಸಾಕು. ಗಡಿ ನಿರ್ಧರಿಸಲು ಮಾತ್ರ ಅದು ಸಾಲದು.

ಅಳತೆಗೆ ಬೇಕಾದ ಸಾಮಾನು

30 ಮೀಟರಿನ ಫೈಬರ್ ಟೇಪು ಒಂದು, 5 ಮೀಟರಿನ ಸ್ಟೀಲ್ ಟೇಪು ಎರಡು, ಲೇಸರ್ ದೂರಮಾಪಕ ಒಂದು. ತೂಕದ ಗುಂಡು, 15 ಮೀಟರ್ ಪಾರದರ್ಶಕ ಪೈಪು (ನೀರಿನ ಮಟ್ಟ ನೋಡಲು), ಕೆತ್ತನೆ ಮರದ ಅಂಚಿನ ಆಕಾರ ತೆಗೆಯುವ ಪ್ರೊಫೈಲ್ ಗೇಜು, ಒಳ್ಳೆಯ ಟಾರ್ಚು, ಮಾಸ್ಕಿಂಗ್ ಟೇಪು, ಎ3 ಹಾಳೆ, ಪೆನ್ಸಿಲು. ಪೆನ್ನು ಬೇಡ, ಮಲೆನಾಡಿನ ಮಳೆಯಲ್ಲಿ ಶಾಯಿ ಹರಡುತ್ತದೆ. ಜನ ಮೂವರು ಇದ್ದರೆ ಒಳ್ಳೆಯದು: ಒಬ್ಬರು ಸೊನ್ನೆ ಹಿಡಿಯಲು, ಒಬ್ಬರು ಓದಲು, ಒಬ್ಬರು ಬರೆಯಲು. ಓದುವವರೇ ಬರೆಯಲು ಹೊರಟರೆ 6 ಮತ್ತು 9 ಅದಲುಬದಲಾಗುವುದು ಖಂಡಿತ.

ಲೇಸರನ್ನೇ ನಂಬಿ ಟೇಪು ಬಿಟ್ಟು ಹೋಗಬೇಡಿ. ತೊಟ್ಟಿಯ (ಮನೆ ನಡುವಿನ ತೆರೆದ ಅಂಗಳದ) ಬಿಸಿಲಲ್ಲಿ ಕೆಂಪು ಚುಕ್ಕೆ ಕಾಣಿಸುವುದಿಲ್ಲ. ಎಣ್ಣೆ ಕುಡಿದು ಕಪ್ಪಗೆ ಹೊಳೆಯುವ ಕಂಬದ ಮೇಲೆ ಬಿದ್ದ ಕಿರಣ ಚದುರಿ ಅಳತೆ ತಪ್ಪುತ್ತದೆ. ಅಂಥ ಕಡೆ ಬಿಳಿ ರಟ್ಟಿನ ತುಂಡನ್ನು ಗುರಿಯಾಗಿ ಹಿಡಿಯಿರಿ. ಉಪಕರಣದ ಹಿಂಭಾಗದಿಂದ ಲೆಕ್ಕವೋ ಮುಂಭಾಗದಿಂದಲೋ ಎಂಬ ಸೆಟ್ಟಿಂಗನ್ನು ಬೆಳಿಗ್ಗೆ ಒಮ್ಮೆ, ಊಟದ ಮೇಲೆ ಇನ್ನೊಮ್ಮೆ ನೋಡಿ. ಅದು ಬದಲಾಗಿದ್ದರೆ ಆಮೇಲಿನ ಎಲ್ಲ ಅಳತೆಯಲ್ಲೂ ಉಪಕರಣದ ಉದ್ದದಷ್ಟು ತಪ್ಪು ಸೇರಿರುತ್ತದೆ, ಮತ್ತು ಅದು ಎಲ್ಲದರಲ್ಲೂ ಒಂದೇ ಸಮ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಅಂಕಣಕ್ಕೆ ನಂಬರು

ಟೇಪು ಬಿಚ್ಚುವ ಮೊದಲು ಇಡೀ ಮನೆಯನ್ನು ಒಂದು ಸುತ್ತು ಹಾಕಿ ಕೈಚಿತ್ರ ಬರೆಯಿರಿ. ಅಂಕಣ ಎಂದರೆ ಎರಡು ತೊಲೆ ಸಾಲುಗಳ ನಡುವಿನ ಜಾಗ. ಅದು ಕೋಣೆಯಲ್ಲ. ಒಂದು ಕೋಣೆಯಲ್ಲಿ ಮೂರು ಅಂಕಣ ಇರಬಹುದು, ಎರಡು ಕೋಣೆ ಸೇರಿ ಒಂದು ಅಂಕಣವೂ ಆಗಿರಬಹುದು. ಆದ್ದರಿಂದ ನೆಲ ನೋಡಿ ಎಣಿಸಬೇಡಿ, ತಲೆ ಎತ್ತಿ ತೊಲೆ ನೋಡಿ ಎಣಿಸಿ. ಮುಚ್ಚಿಗೆ ಹಾಕಿ ತೊಲೆ ಕಾಣದಿದ್ದರೆ ಅಟ್ಟ ಹತ್ತಿ.

ಉತ್ತರದಿಂದ ದಕ್ಷಿಣಕ್ಕೆ 1, 2, 3. ಪಶ್ಚಿಮದಿಂದ ಪೂರ್ವಕ್ಕೆ ಅ, ಆ, ಇ. ಹೀಗೆ ಚೌಕುಳಿ ಹಾಕಿದರೆ ಪ್ರತಿ ಅಂಕಣಕ್ಕೂ ‘ಆ3’ ಎಂಬಂಥ ವಿಳಾಸ ಸಿಗುತ್ತದೆ. ಕಂಬಗಳಿಗೆ ಕಂ1, ಕಂ2, ಬಾಗಿಲಿಗೆ ಬಾ1, ಕಿಟಕಿಗೆ ಕಿ1. ಈ ನಂಬರುಗಳನ್ನು ಮಾಸ್ಕಿಂಗ್ ಟೇಪಿನ ಚೂರಿನ ಮೇಲೆ ಬರೆದು ಅಲ್ಲಲ್ಲೇ ಅಂಟಿಸಿ, ಫೋಟೋದಲ್ಲೂ ಬರಲಿ. ಕೆತ್ತನೆ ಮರಕ್ಕೆ, ಸುಣ್ಣದ ಗೋಡೆಗೆ ಟೇಪು ತುಂಬ ಹೊತ್ತು ಬಿಡಬೇಡಿ, ಕೀಳುವಾಗ ಪದರವೇ ಎದ್ದು ಬರುತ್ತದೆ.

ತೊಟ್ಟಿಯಿಂದ ಶುರು

ಮನೆಯ ಹೊರಗೋಡೆಯಿಂದ ಅಳೆಯಲು ಶುರು ಮಾಡುವುದು ಅಭ್ಯಾಸ. ತೊಟ್ಟಿ ಮನೆಯಲ್ಲಿ ಅದನ್ನು ತಿರುಗಿಸಿ. ನಾಲ್ಕೂ ಸಾಲು ಕಂಬಗಳು ತೊಟ್ಟಿಯ ಸುತ್ತ ನಿಂತಿರುತ್ತವೆ, ಅಲ್ಲಿನ ಕಲ್ಲಿನ ಅಂಚು ಮನೆಯ ಬೇರೆಲ್ಲ ಭಾಗಕ್ಕಿಂತ ಕಡಿಮೆ ಅಲುಗಿರುತ್ತದೆ.

ನಾಲ್ಕು ಬದಿ ಮತ್ತು ಎರಡು ಕರ್ಣ, ಒಟ್ಟು ಆರು ಅಳತೆ. ಒಂದು ಉದಾಹರಣೆ ತೆಗೆದುಕೊಳ್ಳಿ: ಎದುರುಬದುರು ಬದಿಗಳ ಒಂದು ಜೊತೆ 4.82 ಮೀ., ಇನ್ನೊಂದು ಜೊತೆ 3.65 ಮೀ. ಮೂಲೆಗಳು ನೇರವಾಗಿದ್ದರೆ ಎರಡೂ ಕರ್ಣ 6.05 ಮೀ. ಬರಬೇಕು. ಆದರೆ ಒಂದು 6.10, ಇನ್ನೊಂದು 5.99 ಬಂತು ಎಂದುಕೊಳ್ಳಿ. ಅಂದರೆ ಮೂಲೆ ಸುಮಾರು 1 ಡಿಗ್ರಿ ಓರೆ. ತೊಟ್ಟಿಯೊಳಗೆ ನಿಂತರೆ ಇದು ಕಣ್ಣಿಗೆ ಕಾಣದು. ಇದೇ ಓರೆ ಇಟ್ಟುಕೊಂಡು 15 ಮೀಟರ್ ಜಗುಲಿಯ ತುದಿಗೆ ಹೋಗುವಷ್ಟರಲ್ಲಿ 28 ಸೆಂ.ಮೀ. ವ್ಯತ್ಯಾಸ ಆಗಿರುತ್ತದೆ. ಕರ್ಣ ಅಳೆಯದೆ ನೇರ ಮೂಲೆ ಎಂದು ಬರೆದ ನಕ್ಷೆಯಲ್ಲಿ ಕೊನೆಯ ಕೋಣೆ ಕೂರುವುದೇ ಇಲ್ಲ. ಆಗ ಬರೆಯುವವರು ಗೋಡೆಯ ದಪ್ಪದಲ್ಲಿ ಹೊಂದಿಸಿಬಿಡುತ್ತಾರೆ. ಹಳೆ ಮನೆಗಳ ನಕ್ಷೆಯಲ್ಲಿ ಅತಿ ಹೆಚ್ಚು ಸುಳ್ಳು ಅಡಗಿರುವುದು ಗೋಡೆಯ ದಪ್ಪದಲ್ಲೇ.

ತೊಟ್ಟಿಯಿಂದ ಪ್ರತಿ ಕೋಣೆಗೂ ಇದೇ ಕ್ರಮ: ನಾಲ್ಕು ಬದಿ, ಎರಡು ಕರ್ಣ, ಎಲ್ಲವೂ ನೆಲದಿಂದ 1 ಮೀಟರ್ ಎತ್ತರದಲ್ಲಿ. ಒಂದು ಗೋಡೆಯಲ್ಲಿ ಬಾಗಿಲು, ಕಿಟಕಿ, ಗೂಡು ಇದ್ದರೆ ಒಂದೊಂದನ್ನೂ ಬಿಡಿಯಾಗಿ ಅಳೆಯಬೇಡಿ. ಟೇಪನ್ನು ಒಂದು ಮೂಲೆಯಲ್ಲಿ ಸೊನ್ನೆಗೆ ಹಿಡಿದು ಗೋಡೆಯುದ್ದಕ್ಕೂ ಚಾಚಿ, 0.84, 1.76, 2.95 ಎಂದು ಸಾಗುವ ಅಳತೆ ಬರೆಯಿರಿ. ಬಿಡಿ ಅಳತೆಗಳಲ್ಲಿ ಒಂದೊಂದರ 5 ಮಿ.ಮೀ. ತಪ್ಪೂ ಕೂಡುತ್ತಾ ಹೋಗುತ್ತದೆ. ಸಾಗುವ ಅಳತೆಯಲ್ಲಿ ತಪ್ಪು ಆಯಾ ಜಾಗದಲ್ಲೇ ಉಳಿಯುತ್ತದೆ.

ಮಣ್ಣಿನ ಗೋಡೆಗೆ ಒಂದೇ ದಪ್ಪ ಎಂಬುದಿಲ್ಲ. ಬುಡದಲ್ಲಿ 60 ಸೆಂ.ಮೀ. ಇದ್ದದ್ದು ತೊಲೆಯ ಹತ್ತಿರ 45ಕ್ಕೆ ಇಳಿದಿರಬಹುದು. ಬಾಗಿಲ ಸಂದಿಯಲ್ಲಿ ಬುಡ, 1 ಮೀಟರ್, ಮೇಲ್ತುದಿ ಮೂರೂ ಕಡೆ ಅಳೆಯಿರಿ. ಬಾಗಿಲೇ ಇಲ್ಲದ ಗೋಡೆಯಾದರೆ ಅಕ್ಕಪಕ್ಕದ ಎರಡು ಬಾಗಿಲ ಮೂಲಕ ಸುತ್ತಿ ಬಂದು ವ್ಯತ್ಯಾಸದಿಂದ ತೆಗೆಯಬೇಕು. ಕೊನೆಗೆ ಒಳಅಳತೆಗಳು ಮತ್ತು ಗೋಡೆ ದಪ್ಪಗಳನ್ನು ಕೂಡಿ ಹೊರಅಳತೆಯೊಂದಿಗೆ ತಾಳೆ ನೋಡಿ. 15 ಮೀಟರಿಗೆ 2 ಸೆಂ.ಮೀ. ವ್ಯತ್ಯಾಸ ಸಹಿಸಬಹುದು. 10 ಸೆಂ.ಮೀ. ಬಂದರೆ ಎಲ್ಲೋ ಒಂದು ಅಳತೆ ತಪ್ಪಿದೆ, ಮನೆ ಬಿಟ್ಟು ಹೊರಡುವ ಮೊದಲೇ ಹುಡುಕಿ.

ಇನ್ನು ಮಟ್ಟ. ನಡುಮನೆಯ ನೆಲದಿಂದ 1 ಮೀಟರ್ ಎತ್ತರದ ಗೆರೆಯನ್ನು ನೀರಿನ ಪೈಪಿನಿಂದ ಇಡೀ ಮನೆಗೆ ಒಯ್ಯಿರಿ. ಪೈಪಿನಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡಿದ್ದರೆ ಎರಡು ತುದಿಯ ಮಟ್ಟ ಸುಳ್ಳು ಹೇಳುತ್ತದೆ. ನೀರು ತುಂಬಿಸಿದ ಮೇಲೆ ಎರಡೂ ತುದಿಯನ್ನು ಪಕ್ಕಪಕ್ಕ ಹಿಡಿದು ಸಮ ನಿಲ್ಲುತ್ತದೆಯೇ ನೋಡಿ. ಆ ಗೆರೆಯಿಂದ ಜಗುಲಿ, ತೊಟ್ಟಿಯ ತಳ, ಮೋರಿಯ ಬಾಯಿ, ಬಚ್ಚಲು, ಕೊಟ್ಟಿಗೆ, ತೊಲೆಯ ಕೆಳಮೈ, ಸೂರಿನ ಅಂಚು ಎಲ್ಲವನ್ನೂ ಇಳಿಸಿ ಬರೆಯಿರಿ. ತೊಟ್ಟಿಯ ತಳ ಮೋರಿಯ ಕಡೆಗೆ ಎಷ್ಟು ಇಳಿಜಾರಿದೆ ಎಂಬುದು ಚಿಕ್ಕ ಸಂಗತಿಯಂತೆ ಕಾಣಬಹುದು. ರಿಪೇರಿ ಮಾಡುವವರು ಟೈಲ್ಸ್ ಹಾಕಿ ಆ ಇಳಿಜಾರು ಕೊಂದ ಮನೆಗಳಲ್ಲಿ ಮೊದಲ ಮಳೆಗೇ ನೀರು ಪಡಸಾಲೆಗೆ ಬರುತ್ತದೆ.

ಮಾಡು

ಮಾಡಿನ ಇಳಿಜಾರನ್ನು ಅಟ್ಟದೊಳಗಿಂದ ಅಳೆಯುವುದು ಸುಲಭ. ಮಟ್ಟಕೋಲನ್ನು ಅಡ್ಡಲಾಗಿ 1 ಮೀಟರ್ ಹಿಡಿದು, ಅದರ ತುದಿಯಿಂದ ಪಕ್ಕಾಸಿನವರೆಗೆ (ಮಾಡಿನ ಇಳಿಜಾರು ಮರದವರೆಗೆ) ಎಷ್ಟು ಏರಿದೆ ನೋಡಿ. 58 ಸೆಂ.ಮೀ. ಏರಿದ್ದರೆ 30 ಡಿಗ್ರಿ. ಪಕ್ಕಾಸಿನ ಅಗಲ, ದಪ್ಪ, ನಡುವಿನ ಅಂತರ, ರೀಪಿನ ಅಂತರ ಬರೆಯಿರಿ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ. 30 ಡಿಗ್ರಿ ಮಾಡಿನಲ್ಲಿ ನಕ್ಷೆಯ ಮೇಲಿನ 100 ಚದರ ಮೀಟರ್ ಎಂದರೆ ನಿಜವಾಗಿ 115 ಚದರ ಮೀಟರ್, ಹೆಂಚು 1,700ಕ್ಕೂ ಮೇಲೆ. ಅಂದಾಜು ಪಟ್ಟಿ ಮಾಡುವವರು ಇದನ್ನು ಮರೆತೇ ಸಾಲದೆ ಬರುವುದು.

ಹೆಂಚನ್ನು ತಿರುಗಿಸಿ ಮುದ್ರೆ ಓದಿ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಮೊದಲ ಮಹಾಯುದ್ಧದಲ್ಲಿ ಅವರ ಕಾರ್ಖಾನೆಗಳು ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಮುದ್ರೆಯ ಹೆಸರು ನೋಡಿದರೆ ಹೆಂಚು ಯಾವ ಕಾಲದ್ದು ಎಂದು ಸ್ಥೂಲವಾಗಿ ಹೇಳಬಹುದು. ಆದರೆ ಅದು ಹೆಂಚಿನ ವಯಸ್ಸು, ಮನೆಯದ್ದಲ್ಲ. ನಾಡಹೆಂಚೋ ಹುಲ್ಲೋ ಇದ್ದ ಮಾಡಿಗೆ ಆಮೇಲೆ ಮಂಗಳೂರು ಹೆಂಚು ಬಂದಿರುತ್ತದೆ, ಬಿದ್ದ ಮನೆಯ ಹೆಂಚನ್ನು ತಂದು ಹೊದಿಸಿದ್ದೂ ಇರುತ್ತದೆ. ಒಂದೇ ಮಾಡಿನಲ್ಲಿ ಮೂರ್ನಾಲ್ಕು ಮುದ್ರೆ ಬೆರೆತಿದ್ದರೆ ಅದರಿಂದ ಏನನ್ನೂ ತೀರ್ಮಾನಿಸಬೇಡಿ.

ಗೋಡೆ ಹೇಳುವ ಪಾಲಿನ ಕತೆ

ಅಳೆಯುವಾಗಲೇ ಈ ಗುರುತುಗಳನ್ನು ಬೇರೆ ಬಣ್ಣದ ಪೆನ್ಸಿಲಿನಲ್ಲಿ ಹಾಕಿಕೊಳ್ಳಿ. ಎರಡು ಗೋಡೆ ಸೇರುವಲ್ಲಿ ಹೆಣೆಯದೆ ನೆಟ್ಟಗೆ ಬಿರುಕಿನಂತೆ ಕಾಣುವ ಸಂದು: ಒಂದು ಗೋಡೆ ಆಮೇಲೆ ಬಂದದ್ದು. ಜಗುಲಿಯನ್ನು ಅಡ್ಡ ಸೀಳಿದ ತೆಳು ಇಟ್ಟಿಗೆ ಗೋಡೆ. ಕಿಟಕಿಯ ದಾರವಂದವನ್ನು ಕೆಳಕ್ಕೆ ಇಳಿಸಿ ಮಾಡಿದ ಬಾಗಿಲು. ಒಂದೇ ಮನೆಗೆ ಎರಡು ಅಟ್ಟದ ಮೆಟ್ಟಿಲು. ಈಗ ಮಲಗುವ ಕೋಣೆ ಆಗಿರುವ ಜಾಗದಲ್ಲಿ ಜಂತೆಗಳ ಕೆಳಮೈ ಬೆರಳು ತಾಗಿಸಿದರೆ ಅಂಟುವಷ್ಟು ಕಪ್ಪು ಮಸಿ, ಪಕ್ಕದ ಅಂಕಣದ ಜಂತೆ ಮಾತ್ರ ಮರದ ಬಣ್ಣದ್ದೇ. ಅಲ್ಲಿ ಒಂದು ಕಾಲಕ್ಕೆ ಒಲೆ ಇತ್ತು. ಎರಡನೆಯ ಒಲೆ ಹೂಡಿದ ಜಾಗ ಸಿಕ್ಕರೆ ಮನೆ ಪಾಲಾದದ್ದರ ಗುರುತು ಸಿಕ್ಕಂತೆ. ಯಾವ ವರ್ಷ ಎಂಬುದನ್ನು ಪತ್ರ ಹೇಳಬೇಕು.

ನಕ್ಷೆ ಹಾಳೆಗಳು

ತೋಟದ ಜಾಗ ನಕ್ಷೆ 1:500ರಲ್ಲಿ (ತೋಟ ತೀರಾ ದೊಡ್ಡದಿದ್ದರೆ 1:1000), ಮನೆ ನೆಲ ನಕ್ಷೆ 1:50ರಲ್ಲಿ, ಅಟ್ಟ ಮತ್ತು ಮಾಡಿನ ನಕ್ಷೆ 1:100ರಲ್ಲಿ, ತೊಟ್ಟಿಯನ್ನು ಹಾದುಹೋಗುವ ಎರಡು ಸೀಳುನಕ್ಷೆ 1:50ರಲ್ಲಿ, ನಾಲ್ಕು ಮುಖನೋಟ 1:100ರಲ್ಲಿ. ಹೆಬ್ಬಾಗಿಲು, ಕಂಬ, ಬೋದಿಗೆ (ಕಂಬದ ತಲೆಯ ಕೆತ್ತನೆ ಮರ) 1:10ರಲ್ಲಿ. ಬೋದಿಗೆಯ ಅಂಚನ್ನು ಮಾತ್ರ ಪ್ರೊಫೈಲ್ ಗೇಜಿನಿಂದ ಕಾಗದದ ಮೇಲೆ ಪೂರ್ಣ ಅಳತೆಯಲ್ಲೇ ತೆಗೆದಿಡಿ, ನಾಳೆ ಆಚಾರಿಗೆ ಒಂದನ್ನು ಹೊಸದಾಗಿ ಕೆತ್ತಬೇಕಾದರೆ ಅದೇ ಬೇಕು. 24 × 18 ಮೀಟರಿನ ಮನೆ 1:50ರಲ್ಲಿ 48 × 36 ಸೆಂ.ಮೀ. ಆಗುತ್ತದೆ. ಎ2 ಹಾಳೆಯಲ್ಲಿ ಹಿಡಿಸುತ್ತದಾದರೂ ಅಳತೆ ಗೆರೆಗೆ, ಬರಹಕ್ಕೆ ಜಾಗ ಉಳಿಯದು. ಎ1 ತೆಗೆದುಕೊಳ್ಳಿ.

ಕ್ಯಾಡ್‌ನಲ್ಲಿ ಕೂತಾಗ ಗೆರೆಯನ್ನು ನೇರ ಮಾಡುವ ಗುಂಡಿ ಕೈಗೆ ಸಿಗುತ್ತದೆ. ಆ ಗುಂಡಿ ಒತ್ತಿದ ಕ್ಷಣ ನಕ್ಷೆ ಅಳತೆಯ ದಾಖಲೆಯಾಗಿ ಉಳಿಯುವುದಿಲ್ಲ. ವಾಲಿದ ಕಂಬ ವಾಲಿಯೇ ಇರಲಿ. ಅಳೆದದ್ದು ಗಟ್ಟಿ ಗೆರೆ, ಅಳೆಯಲಾಗದೆ ಊಹಿಸಿದ್ದು ತುಂಡು ಗೆರೆ, ಮತ್ತು ಆ ತುಂಡು ಗೆರೆಯ ಪಕ್ಕ ‘ಊಹೆ’ ಎಂಬ ಮಾತು. ಬೀಗ ಹಾಕಿದ ಕೋಣೆ, ಪತ್ತಾಯದ ಹಿಂದಿನ ಗೋಡೆ ಇಂಥವು ಯಾವ ಮನೆಯಲ್ಲೂ ಒಂದೆರಡು ಇದ್ದೇ ಇರುತ್ತವೆ. ಉತ್ತರದ ಬಾಣದ ಪಕ್ಕ ಅದು ದಿಕ್ಸೂಚಿಯ ಉತ್ತರ ಎಂದು ಬರೆಯಿರಿ. ದಿಕ್ಸೂಚಿಯನ್ನು ಕಬ್ಬಿಣದ ಸರಳಿನ ಕಿಟಕಿಯ ಹತ್ತಿರ ಇಟ್ಟು ಓದಬೇಡಿ.

ತೋಟ: ಚೈನು, ಆಣೆ, ಗುಂಟೆ

ಹಳೆ ಮೈಸೂರಿನಲ್ಲಿ ಮುಂಬಯಿ ಪದ್ಧತಿಯ ಸರ್ವೆ ಶುರುವಾದದ್ದು 1863ರಲ್ಲಿ. ಅಲ್ಲಿಂದ ಬಂದ ಟಿಪ್ಪಣಿಗಳಲ್ಲಿ ಚೈನು ಎಂದರೆ 33 ಅಡಿ, ಒಂದು ಚೈನಿಗೆ 16 ಆಣೆ. 33 ಅಡಿ ಉದ್ದ 33 ಅಡಿ ಅಗಲ ಒಂದು ಗುಂಟೆ, ಅಂದರೆ 1,089 ಚದರಡಿ. 40 ಗುಂಟೆಗೆ ಒಂದು ಎಕರೆ. ಟಿಪ್ಪಣಿಯಲ್ಲಿ 7-8 ಎಂದಿದ್ದರೆ ಏಳು ಚೈನು ಎಂಟು ಆಣೆ: 247.5 ಅಡಿ, ಅಂದರೆ 75.44 ಮೀ. ಇದನ್ನು 7.8 ಚೈನು ಎಂದು ಓದುವವರೇ ಹೆಚ್ಚು, ಹಾಗೆ ಓದಿದರೆ 3 ಮೀಟರ್ ಗಡಿ ಪಕ್ಕದವರ ತೋಟಕ್ಕೆ ಹೋಗುತ್ತದೆ. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಅಲ್ಲಿ ಎಕರೆಗೆ 100 ಸೆಂಟ್ಸ್, ಚೈನು 66 ಅಡಿ, ಚೈನಿಗೆ 100 ಲಿಂಕು. ಎರಡೂ ಪದ್ಧತಿಯನ್ನು ಬೆರೆಸಬೇಡಿ.

ಗ್ರಾಮ ನಕಾಶೆ ಸಾಮಾನ್ಯವಾಗಿ ಮೈಲಿಗೆ 8 ಅಂಗುಲದ್ದು, ಅಂದರೆ 1:7920. ಅದರ ಮೇಲೆ 1 ಮಿ.ಮೀ. ಪೆನ್ಸಿಲ್ ಗೆರೆ ನೆಲದ ಮೇಲೆ ಸುಮಾರು 8 ಮೀಟರ್. ಆದ್ದರಿಂದ ನಕಾಶೆಯನ್ನು ಹಿಗ್ಗಿಸಿ ಗಡಿ ಎಳೆಯುವುದು ಬೇಡ. ಆಕಾರ ಮತ್ತು ನೆರೆಯ ನಂಬರುಗಳಿಗೆ ನಕಾಶೆ, ಅಳತೆಗೆ ಟಿಪ್ಪಣಿ, ವಿಸ್ತೀರ್ಣಕ್ಕೆ ಆಕಾರ್‌ಬಂದ್. ಪಹಣಿಯ ಒಟ್ಟು ವಿಸ್ತೀರ್ಣ ಆಕಾರ್‌ಬಂದ್‌ಗೆ ಹೊಂದದಿದ್ದರೆ ಅದನ್ನು ನಕ್ಷೆಯ ಮೇಲೇ ಬರೆದಿಡಿ.

ಇಳಿಜಾರಿನ ಕಾಫಿ ತೋಟದಲ್ಲಿ ‘ಅಳತೆ ಕಮ್ಮಿ ಬಂತು’ ಎಂಬ ದೂರು ಯಾವಾಗಲೂ ಇದ್ದದ್ದೇ. ಸರ್ವೆಯ ವಿಸ್ತೀರ್ಣ ಮಟ್ಟದ ಲೆಕ್ಕ. 20 ಡಿಗ್ರಿ ಇಳಿಜಾರಿನಲ್ಲಿ ನೆಲಕ್ಕೆ ತಾಗಿಸಿ 100 ಮೀಟರ್ ಟೇಪು ಎಳೆದರೆ ಮಟ್ಟದಲ್ಲಿ ಅದು 94 ಮೀಟರ್. ಗಿಡದ ಲೆಕ್ಕದಿಂದ ಎಕರೆ ಹೇಳುವವರ ಅಂಕಿಗೂ ಪಹಣಿಗೂ ವ್ಯತ್ಯಾಸ ಬರಲು ಇದೂ ಒಂದು ಕಾರಣ.

ಜಾಗ ನಕ್ಷೆಗೆ ಬಣ್ಣ ಹಾಕುವಾಗ ಹಕ್ಕಿನ ಬಗೆ ಬೇರ್ಪಡಿಸಿ. ಹಿಡುವಳಿ ಜಮೀನು ಒಂದು ಬಣ್ಣ. ಎ ಖರಾಬು ಹಿಡುವಳಿದಾರರ ಜಮೀನಿನೊಳಗಿನ ಸಾಗುವಳಿಗೆ ಬಾರದ ಭಾಗ, ಬಿ ಖರಾಬು ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ. ಇವು ಎರಡು ಬಣ್ಣ. ಸೊಪ್ಪಿನ ಬೆಟ್ಟ, ಕಾನು, ಕರಾವಳಿಯ ಕುಮ್ಕಿ ಇವೆಲ್ಲ ಅನುಭವಿಸುವ ಸವಲತ್ತು, ಒಡೆತನವಲ್ಲ. ಮೂರು ತಲೆಮಾರಿನಿಂದ ಸೊಪ್ಪು ತಂದ ಬೆಟ್ಟ ನಮ್ಮದೇ ಎಂದು ಮನೆಯವರು ತೋರಿಸುತ್ತಾರೆ. ನಕ್ಷೆಯಲ್ಲಿ ಅದು ತೋಟದ ಬಣ್ಣದಲ್ಲೇ ಬಿದ್ದರೆ ಮುಂದೊಂದು ದಿನ ಕ್ರಯಪತ್ರದೊಳಗೂ ಹೋಗಿ ಕೂರುತ್ತದೆ.

ನಿಮ್ಮ ನಕ್ಷೆ ಗಡಿಗೆ ಕಾನೂನಿನ ಬಲ ಕೊಡುವುದಿಲ್ಲ. ಗಡಿ ತಕರಾರಿದ್ದರೆ ಹದ್ದುಬಸ್ತಿಗೆ (ಸರ್ವೆ ಇಲಾಖೆಯಿಂದ ಗಡಿ ಗುರುತಿಸುವುದಕ್ಕೆ) ಅರ್ಜಿ ಹಾಕಬೇಕು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ ಆ ಭಾಗವನ್ನು ತೋರಿಸುವ ಸರ್ವೆ ಇಲಾಖೆಯ 11ಇ ನಕ್ಷೆ ಬೇಕು.

ಒಡೆತನದ ಸರಪಳಿ: ಇಂದಿನಿಂದ ಹಿಂದಕ್ಕೆ

ಅಜ್ಜನ ಕಾಲದಿಂದ ಮುಂದಕ್ಕೆ ಬರಲು ಹೋಗಬೇಡಿ. ಚಾಲ್ತಿ ಪಹಣಿಯ 9ನೇ ಕಲಂನಲ್ಲಿ ಹೆಸರು, 10ರಲ್ಲಿ ಅದು ಹೇಗೆ ಬಂತು ಎಂಬ ಎಂ.ಆರ್. ನಂಬರು, 11ರಲ್ಲಿ ಸಾಲ, ಭೋಗ್ಯ, ನ್ಯಾಯಾಲಯದ ಆದೇಶ, 12ರಲ್ಲಿ ಸಾಗುವಳಿದಾರರು ಮತ್ತು ಬೆಳೆ. ಆ ಎಂ.ಆರ್. ನಕಲು ತೆಗೆದರೆ ಹಿಂದಿನ ಖಾತೆದಾರರ ಹೆಸರು ಸಿಗುತ್ತದೆ. ಅವರಿಗೆ ಬಂದ ಎಂ.ಆರ್. ಹುಡುಕಿ. ಹೀಗೆ ಒಂದೊಂದೇ ಕೊಂಡಿ ಹಿಂದಕ್ಕೆ ಸಾಗಿ.

ಪ್ರತಿ ಕೊಂಡಿಗೂ ಒಂದು ಸಾಲು ಬರೆಯಿರಿ: ವರ್ಷ, ಎಂ.ಆರ್. ನಂಬರು, ಯಾರಿಂದ ಯಾರಿಗೆ, ಯಾವ ಬಗೆ (ಕ್ರಯ, ಪೌತಿ ಅಂದರೆ ತೀರಿಕೊಂಡವರಿಂದ ವಾರಸುದಾರರಿಗೆ, ವಿಭಾಗ, ದಾನ, ಮಂಜೂರಾತಿ), ವಿಸ್ತೀರ್ಣ, ಮೂಲ ಪತ್ರದ ನೋಂದಣಿ ಸಂಖ್ಯೆ, ಮತ್ತು ಕೊನೆಗೆ ಪತ್ರ ಕಣ್ಣಾರೆ ನೋಡಿದ್ದೋ ಇಲ್ಲವೋ. ಖಾತೆ ಒಡೆತನದ ಪುರಾವೆಯಲ್ಲ. 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ನಮೂದು ಸರಿ ಎಂದು ಭಾವಿಸಲಾಗುತ್ತದೆ, ಅದೂ ಬೇರೆ ರೀತಿ ಸಾಬೀತಾಗುವವರೆಗೆ ಮಾತ್ರ. ಎಂ.ಆರ್. ದಾರಿ ತೋರಿಸುವ ಕಾಗದ, ಹಕ್ಕು ಇರುವುದು ಪತ್ರದಲ್ಲಿ.

ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇ.ಸಿ. ಸಿಗುವುದು 1-4-2004ರಿಂದ ಈಚೆಗೆ. ಅದಕ್ಕೂ ಹಿಂದಿನದನ್ನು ಉಪನೋಂದಣಿ ಕಚೇರಿಯ ಸೂಚಿ ಪುಸ್ತಕಗಳಲ್ಲಿ ಹುಡುಕಿಸಬೇಕು. ಸರ್ವೆ ನಂಬರಿನಿಂದ ಹುಡುಕಿ ಏನೂ ಸಿಗದಿದ್ದರೆ ನಿಲ್ಲಬೇಡಿ. ಹಳೆಯ ಪತ್ರದಲ್ಲಿ ಹಳೆಯ ಸರ್ವೆ ನಂಬರು ಇರಬಹುದು, ಹಿಸ್ಸಾ ಆಗುವ ಮೊದಲಿನದಿರಬಹುದು. ಹೆಸರಿನ ಸೂಚಿಯಲ್ಲಿ ಮತ್ತೆ ಹುಡುಕಿಸಿ. ಇ.ಸಿ.ಯಲ್ಲಿ ಕಾಣದ ವ್ಯವಹಾರಗಳೂ ಉಂಟು: ನೋಂದಣಿಯಾಗದ ಮರಣಶಾಸನ, ಬಾಯ್ಮಾತಿನ ಪಾಲು, ನ್ಯಾಯಾಲಯದ ಡಿಕ್ರಿ. 100 ರೂಪಾಯಿಗಿಂತ ಕಡಿಮೆ ಬೆಲೆಯ ಕ್ರಯಕ್ಕೆ ಸ್ವಾಧೀನ ಕೊಟ್ಟರೆ ಸಾಕಿತ್ತು, ನೋಂದಣಿ ಕಡ್ಡಾಯವಿರಲಿಲ್ಲ. ಹಳೆಯ ಪತ್ರಗಳಲ್ಲಿ 99 ರೂಪಾಯಿ, 95 ರೂಪಾಯಿ ಎಂದು ಕಂಡರೆ ಕಾರಣ ಅದೇ ಇರಬಹುದು.

ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಸಿಕ್ಕ ಪತ್ರಗಳ ಹಿಂಬದಿಯನ್ನು ತಪ್ಪದೆ ಸ್ಕ್ಯಾನ್ ಮಾಡಿ. ಛಾಪಾ ಕಾಗದ ಮಾರಿದವರ ಷರಾ, ತಾರೀಖು, ನೋಂದಣಿಯ ಪುಸ್ತಕ, ಸಂಪುಟ, ಪುಟಸಂಖ್ಯೆ ಎಲ್ಲ ಅಲ್ಲೇ ಇರುತ್ತವೆ. ಅದಿಲ್ಲದೆ ದೃಢೀಕೃತ ನಕಲು ಪಡೆಯುವುದು ಕಷ್ಟ. 300 ಡಿಪಿಐ ಸಾಕು. ಲ್ಯಾಮಿನೇಶನ್ ಮಾಡಿಸಬೇಡಿ, ಹರಿದಲ್ಲಿ ಸೆಲ್ಲೋಟೇಪು ಅಂಟಿಸಬೇಡಿ. ಟೇಪಿನ ಅಂಟು ಹಳದಿಯಾಗಿ ಅಕ್ಷರವನ್ನೇ ನುಂಗುತ್ತದೆ.

ತಪ್ಪು ಆಗುವ ಜಾಗಗಳು ಹೆಚ್ಚುಕಡಿಮೆ ಎಲ್ಲ ಮನೆತನಕ್ಕೂ ಒಂದೇ:

- ಅಜ್ಜನ ಹೆಸರು ಮೊಮ್ಮಗನಿಗೆ. ಎರಡು ಪತ್ರದಲ್ಲಿ ಒಂದೇ ಹೆಸರಿದ್ದರೆ ‘ಬಿನ್’ (ಇಂಥವರ ಮಗ) ಎಂಬುದರ ಮುಂದಿನ ಹೆಸರು ನೋಡದೆ ಒಬ್ಬರೇ ಎನ್ನಬೇಡಿ. ಮೊದಲು ವಂಶವೃಕ್ಷ ಬರೆದು, ಪ್ರತಿಯೊಬ್ಬರಿಗೂ ನಂಬರು ಕೊಟ್ಟು, ಸರಪಳಿಯಲ್ಲಿ ಆ ನಂಬರನ್ನೇ ಬಳಸಿ.

- ಸಂವತ್ಸರದ ತಾರೀಖು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ಪ್ರಭವ 1867ರಲ್ಲೂ ಬಂತು, 1927ರಲ್ಲೂ ಬಂತು. ಶಕ ವರ್ಷ ಬರೆದಿಲ್ಲದಿದ್ದರೆ ಛಾಪಾ ಕಾಗದ ಯಾವ ಆಳ್ವಿಕೆಯದ್ದು ಎಂದು ನೋಡಿ ಬಗೆಹರಿಸಿ. ಮದ್ರಾಸ್ ಭಾಗದ ದಾಖಲೆಯ ಫಸಲಿಗೆ (ಕಂದಾಯ ವರ್ಷಕ್ಕೆ) 590 ಕೂಡಿದರೆ ಇಸವಿ: ಫಸಲಿ 1340 ಎಂದರೆ 1930ರ ಜುಲೈಯಿಂದ 1931ರ ಜೂನ್.

- ಯಜಮಾನನ ಹೆಸರಿನ ಖಾತೆ. ಅವಿಭಕ್ತ ಕುಟುಂಬದಲ್ಲಿ ಅದು ನಿರ್ವಾಹಕನ ಹೆಸರು. ತುಳುನಾಡಿನ ಅಳಿಯಸಂತಾನದ ಗುತ್ತು ಮನೆಗಳಲ್ಲಿ ಹಕ್ಕು ಹೆಣ್ಣಿನ ಸಂತತಿಯಲ್ಲಿ ಇಳಿದಿರುತ್ತದೆ, ಖಾತೆಯಲ್ಲಿ ಮಾತ್ರ ಗಂಡಸಿನ ಹೆಸರು. ಕೊಡಗಿನ ಐನ್‌ಮನೆಯ ಜಮ್ಮಾ (ವಂಶಪಾರಂಪರ್ಯದ) ಜಮೀನಿನಲ್ಲಿ ಇಡೀ ಒಕ್ಕದ (ಮನೆತನದ) ಹಕ್ಕು ಇರುತ್ತದೆ.

- ಭೋಗ್ಯವನ್ನೂ ಅವಧಿ ಕ್ರಯವನ್ನೂ ಪೂರ್ಣ ಕ್ರಯ ಎಂದು ಓದುವುದು. ಹಣ ಮರಳಿಸಿದರೆ ಜಮೀನು ಮರಳಿ ಬರುತ್ತದೆ ಎಂಬ ಸಾಲು ಪತ್ರದ ಕೊನೆಯಲ್ಲಿ ಇರುತ್ತದೆ, ಮೊದಲ ಪುಟ ಓದಿ ಮಡಚಿಟ್ಟರೆ ಕಾಣುವುದಿಲ್ಲ.

- ‘ಪೈಕಿ’ ಪಹಣಿ. ಪೋಡಿ ಆಗದೆ ಒಂದೇ ನಂಬರಿನಲ್ಲಿ ಹಲವರಿದ್ದರೆ ಯಾರದು ಎಲ್ಲಿ ಎಂದು ಪಹಣಿ ಹೇಳುವುದಿಲ್ಲ, ಎಷ್ಟು ಎಂದಷ್ಟೇ ಹೇಳುತ್ತದೆ.

1974 ಒಂದು ಗಟ್ಟಿ ಗಡಿ. ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ 1-3-1974ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಗೇಣಿದಾರರು ಫಾರಂ 7 ಹಾಕಿ, ಭೂನ್ಯಾಯ ಮಂಡಳಿ ಒಪ್ಪಿದರೆ ಫಾರಂ 10ರಲ್ಲಿ ಅಧಿಭೋಗದ ಹಕ್ಕು ಪಡೆದರು. ಅಂಥ ಜಮೀನಿನ ಸರಪಳಿ ಹಳೆಯ ಧಣಿಯಿಂದ ಗೇಣಿದಾರರಿಗೆ ಬರುವುದಿಲ್ಲ, ಸರ್ಕಾರದಿಂದ ಹೊಸದಾಗಿ ಶುರುವಾಗುತ್ತದೆ. ಸರಪಳಿಯ ಪಟ್ಟಿಯಲ್ಲಿ ಅಲ್ಲೊಂದು ದಪ್ಪ ಗೆರೆ ಎಳೆಯಿರಿ. ಹಾಗೆಯೇ ಇನಾಂ ಜಮೀನಾದರೆ ಮೈಸೂರಿನ 1954 ಮತ್ತು 1955ರ ಇನಾಂ ರದ್ದತಿ ಕಾಯ್ದೆಗಳ ಆದೇಶ ಹುಡುಕಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಸರಪಳಿಯಲ್ಲಿ ಎಲ್ಲಾದರೂ ಇದ್ದರೆ 1978ರ ಪರಭಾರೆ ನಿಷೇಧ ಕಾಯ್ದೆ ಅನ್ವಯಿಸುತ್ತದೆ, ಆಮೇಲಿನ ಕ್ರಯಗಳೆಲ್ಲ ಪ್ರಶ್ನೆಯೊಳಗೆ ಬರುತ್ತವೆ. ಸಾಗುವಳಿ ಚೀಟಿಯ (ಮಂಜೂರಾತಿ ಪತ್ರದ) ಷರತ್ತುಗಳನ್ನು ಪೂರ್ತಿ ಓದಿ.

ತಾಲ್ಲೂಕು ಕಚೇರಿಯಲ್ಲಿ ಎಳೆ ತಪ್ಪಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದು ಜಿಲ್ಲೆ ಅಂದು ಯಾರ ಕೈಯಲ್ಲಿತ್ತು ಎಂಬುದರ ಮೇಲೆ ನಿಂತಿದೆ. ಮೈಸೂರು ಸಂಸ್ಥಾನಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರ ಮತ್ತು ಅದರ ವಿಭಾಗೀಯ ಕಚೇರಿಗಳು. ದಕ್ಷಿಣ ಕನ್ನಡಕ್ಕೆ ಚೆನ್ನೈನ ಪತ್ರಾಗಾರ. ಉತ್ತರ ಕನ್ನಡ 1862ರವರೆಗೆ ಮದ್ರಾಸಿನಲ್ಲಿತ್ತು, ಆಮೇಲೆ ಮುಂಬಯಿಗೆ ಹೋಯಿತು, ಹಾಗಾಗಿ ಎರಡೂ ಕಡೆ ನೋಡಬೇಕು. ಧಾರವಾಡ, ಬೆಳಗಾವಿ ಭಾಗದ ಹಳೆಯ ಕಾಗದ ಮೋಡಿ ಲಿಪಿಯಲ್ಲಿರಬಹುದು, ಓದಬಲ್ಲವರನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಎರಡನ್ನೂ ಒಂದು ಹಾಳೆಗೆ ತರುವುದು

ಈಗ ವಿಭಾಗ ಪತ್ರ ತೆರೆಯಿರಿ. ಅದರ ಷೆಡ್ಯೂಲಿನ ಭಾಷೆ ಸುಮಾರಾಗಿ ಹೀಗಿರುತ್ತದೆ: ‘ತೊಟ್ಟಿಗೆ ಪಶ್ಚಿಮದ ಮೂರು ಅಂಕಣ, ಅದರ ಮೇಲಿನ ಅಟ್ಟ ಸಹಿತ, ಹಿತ್ತಲ ಬಾವಿಯಲ್ಲಿ ಅರ್ಧ ಹಕ್ಕು, ಹೆಬ್ಬಾಗಿಲಿನಿಂದ ನಡೆದಾಡುವ ಹಕ್ಕು.’ ನಿಮ್ಮ ನೆಲ ನಕ್ಷೆಯ ಒಂದು ಪ್ರತಿ ತೆಗೆದುಕೊಂಡು ಅ2, ಅ3, ಅ4 ಎಂದು ಆ ಅಂಕಣಗಳನ್ನು ಗುರುತಿಸಿ ಬಣ್ಣ ಹಾಕಿ. ಇನ್ನೊಬ್ಬ ಪಾಲುದಾರರಿಗೆ ಇನ್ನೊಂದು ಬಣ್ಣ. ಇಬ್ಬರಿಗೂ ಸೇರಿದ ತೊಟ್ಟಿ, ಬಾವಿ, ದೇವರ ಕೋಣೆಗೆ ಗೆರೆ ಹಾಕಿದ ಗುರುತು. ಪ್ರತಿ ವಿಭಾಗಕ್ಕೂ ಒಂದು ಪ್ರತಿ, ಮೂರು ಸಲ ಪಾಲಾಗಿದ್ದರೆ ಮೂರು ಹಾಳೆ.

ಪತ್ರದ ದಿಕ್ಕನ್ನು ದಿಕ್ಸೂಚಿಗೆ ಹೋಲಿಸಿ ತಲೆ ಕೆಡಿಸಿಕೊಳ್ಳಬೇಡಿ. ಮನೆ 30 ಡಿಗ್ರಿ ತಿರುಗಿ ನಿಂತಿದ್ದರೂ ಪತ್ರ ಬರೆದವರಿಗೆ ಹೆಬ್ಬಾಗಿಲು ಪೂರ್ವವೇ. ಚೆಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ) ಹೇಳಿದ ಬಾವಿ, ಕೊಟ್ಟಿಗೆ, ನೆರೆಯವರ ಗೋಡೆಯನ್ನು ಆಧಾರವಾಗಿಟ್ಟುಕೊಂಡು ಹೊಂದಿಸಿ. ವಿಸ್ತೀರ್ಣಕ್ಕೂ ಚೆಕ್ಕುಬಂದಿಗೂ ಹೊಂದದಿದ್ದರೆ ಸಾಮಾನ್ಯವಾಗಿ ಚೆಕ್ಕುಬಂದಿಗೇ ಹೆಚ್ಚು ತೂಕ.

ಅಂಕಣದ ಸಂಖ್ಯೆ ಪತ್ರಕ್ಕೂ ನಕ್ಷೆಗೂ ಹೊಂದದಿದ್ದರೆ ಮೂರು ಸಾಧ್ಯತೆ. ನೀವು ಗೋಡೆ ನೋಡಿ ಎಣಿಸಿದ್ದೀರಿ. ಇಲ್ಲವೇ ಪತ್ರ ಆದ ಮೇಲೆ ಮನೆಯ ಒಂದು ಭಾಗ ಬಿದ್ದಿದೆ. ಅಂಗಳದ ಹುಲ್ಲಿನಲ್ಲಿ ಅಡಿಪಾಯದ ಕಲ್ಲಿನ ಸಾಲು, ಕಂಬದ ಕೆಳಗಿನ ಗುಂಡುಕಲ್ಲು ಹುಡುಕಿ. ಇಲ್ಲವೇ ಆಮೇಲೆ ಸೇರಿಸಿ ಕಟ್ಟಿದ್ದಾರೆ. ಆಗ ಹೆಣೆಯದ ಸಂದು ಕಾಣಬೇಕು, ತೊಲೆಯ ಮರ ಅಥವಾ ಉಳಿಯ ಗುರುತು ಬೇರೆಯಾಗಿರಬೇಕು. ಬಣ್ಣದ ಪೆನ್ಸಿಲಿನ ಟಿಪ್ಪಣಿ ಬೇಕಾಗುವುದು ಇಲ್ಲಿ. ಜಗುಲಿಯ ಅಡ್ಡಗೋಡೆ ಎರಡು ಬಣ್ಣಗಳ ಗಡಿಯ ಮೇಲೇ ನಿಂತಿದ್ದರೆ ಗೋಡೆ ಆ ಪತ್ರದ ನಂತರದ್ದು ಎಂದು ನಂಬಿಕೆಯಿಂದ ಬರೆಯಬಹುದು. ಗಡಿಗೂ ಗೋಡೆಗೂ ಒಂದು ಅಂಕಣದ ವ್ಯತ್ಯಾಸ ಬಂದರೆ ಅನುಭವ ಒಂದು ಕಡೆ, ಹಕ್ಕು ಇನ್ನೊಂದು ಕಡೆ ಇದೆ ಎಂದರ್ಥ. ಅದನ್ನು ಹಾಳೆಯ ಮೇಲೆ ಬರೆದು, ರಿಪೇರಿಗೆ ಕೈ ಹಾಕುವ ಮೊದಲು ವಕೀಲರ ಮುಂದಿಡಿ. ಆ ಅಂಕಣದ ಮಾಡು ಇಳಿಸುವುದಕ್ಕೆ ಯಾರ ಒಪ್ಪಿಗೆ ಬೇಕು ಎಂಬುದು ಆಗಷ್ಟೇ ಗೊತ್ತಾಗುತ್ತದೆ.

ಕಡತ ಕಟ್ಟುವಾಗ ಮೂಲ ಕೈಚಿತ್ರಗಳನ್ನೂ ಸೇರಿಸಿ. ಕ್ಯಾಡ್ ನಕ್ಷೆಯ ಮೇಲೆ ಸಂಶಯ ಬಂದಾಗ ತಿರುಗಿ ನೋಡಲು ಇರುವುದು ಅದೊಂದೇ. ಪ್ರತಿ ಹಾಳೆಯ ಕೆಳಗೆ ಅಳತೆ ಮಾಡಿದ ತಾರೀಖು, ಅಳತೆಗೆ ಸಿಗದ ಕೋಣೆಗಳ ಪಟ್ಟಿ, ಮತ್ತು ಆ ಹಾಳೆ ಆಧರಿಸಿದ ಪತ್ರಗಳ ನೋಂದಣಿ ಸಂಖ್ಯೆ ಇರಲಿ.